ಒಂಬತ್ತು ಮಿಲಿಮೀಟರಿನ ಗಡ್ಡ

ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು. ಈ ನಾಲ್ಕು ತಿಂಗಳಲ್ಲಿ ಸವಣೂರಿನ ಪೇಟೆಯಲ್ಲಿ ಅವರ ಬಗ್ಗೆ ನನ್ನ ಕಿವಿಗೆ ಬಿದ್ದ ತಪ್ಪು ಮಾತುಗಳನ್ನು ಒಂದು ಹಾಳೆಯಲ್ಲಿ ಗುರುತು ಮಾಡಿಟ್ಟಿದ್ದೇನೆ. ಅವರಿಗೆ ಸಿನಿಮಾದ ಹುಚ್ಚಿತ್ತು ಎಂಬುದು ಒಂದು. ಹುಚ್ಚು ಎನ್ನುವುದು ಹಿಡಿತ ತಪ್ಪಿದವನಿಗೆ ಹೇಳುವ ಮಾತು. ಅವರು ಚಿತ್ರ ನೋಡುತ್ತಿದ್ದ ಕ್ರಮದಲ್ಲಿದ್ದ ಶಿಸ್ತು ನಾನು ಮೂವತ್ತನಾಲ್ಕು ವರ್ಷ ಹೊಲ ಅಳೆಯುತ್ತ ದುಡಿದ ಮೋಜಣಿ ಇಲಾಖೆಯಲ್ಲೂ ಇರಲಿಲ್ಲ. ಕೊನೆಗಾಲದಲ್ಲಿ ಅವರು ಗಡ್ಡ ತೆಗೆಸಿದ್ದು ನನ್ನ ಮೇಲಿನ ಸಿಟ್ಟಿನಿಂದ ಎಂಬುದು ಇನ್ನೊಂದು. ಅದು ಪೂರ್ತಿ ತಪ್ಪಲ್ಲ. ಅರ್ಧ ನಿಜವಾದ ಮಾತು ಹೆಚ್ಚು ಕೆಡುಕು ಮಾಡುತ್ತದೆಯಾದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಆ ಹೆಸರು ಅಚ್ಚಾಗಬೇಕಾದ ಸ್ಥಳ ಬೇರೆ ಇತ್ತು, ಅಲ್ಲಿ ಅಚ್ಚಾಗಲಿಲ್ಲ.

ಅವರದು ಎಲೆ ವ್ಯಾಪಾರ. ತೋಟದಿಂದ ಬಂದ ವೀಳ್ಯದೆಲೆಯನ್ನು ಆರಿಸಿ, ಜೋಡಿಸಿ, ಒದ್ದೆ ಬಾಳೆಪಟ್ಟಿಯಲ್ಲಿ ಸುತ್ತಿ ಬುಟ್ಟಿಗೆ ತುಂಬುವುದು. ಪರಊರಿಗೆ ಹೋಗಬೇಕಾದದ್ದನ್ನು ಯಲವಿಗಿ ಸ್ಟೇಶನ್ನಿಗೆ ಮುಟ್ಟಿಸುವುದು. ಹರೆಯದಲ್ಲಿ ಬಸ್ಸಿನ ಟಾಪಿನಿಂದ ಬುಟ್ಟಿಯ ಸಮೇತ ಬಿದ್ದಿದ್ದರು. ಅಂದಿನಿಂದ ಎಡಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಹೀಗಾಗಿ ಬುಟ್ಟಿ ಯಾವಾಗಲೂ ಬಲ ಹೆಗಲ ಮೇಲೆ. ಇದನ್ನು ಓದುವವರು ನೆನಪಿನಲ್ಲಿಡಬೇಕು.

ನಮ್ಮ ಪರಿಚಯವಾದದ್ದು ಹಾನಗಲ್ಲಿನ ಚಿತ್ರಮಂದಿರದಲ್ಲಿ. ನಾನು ಆಗ ಆ ತಾಲೂಕಿನಲ್ಲಿದ್ದೆ. ಅಂದು ತಿಳವಳ್ಳಿಯ ಹೊಲಗಳಲ್ಲಿ ಮುಂಜಾನೆಯಿಂದ ಅಳತೆಯ ಸರಪಳಿ ಎಳೆಸಿ, ಗಡಿಯ ಬಾಂದುಕಲ್ಲು ಹುಡುಕಿಸಿ, ಸಂಜೆಯ ಆಟಕ್ಕೆ ಬಂದು ಕುಳಿತಿದ್ದೆ. ಚಿತ್ರ ಮುಗಿದು ಜನ ಎದ್ದು ಹೋದ ಮೇಲೆ ಉಳಿದವರು ಇಬ್ಬರೇ. ಅವರು ಪರದೆಯ ಮೇಲೆ ಏರುತ್ತಿದ್ದ ಹೆಸರುಗಳನ್ನು ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡು ಕಥೆಯ ಬಗ್ಗೆ ಯೋಚಿಸುತ್ತಿದ್ದೆ. ಇದನ್ನು ಅವರು ಮುಂದೆ ಇಪ್ಪತ್ತಾರು ವರ್ಷ ಹೇಗೆ ಹೇಳುತ್ತ ಬಂದರೆಂದರೆ, "ಸಾಹೇಬ್ರು ಇಂಟರ್ವಲ್‌ದಾಗ ಚಾ ಕುಡದು ಮಲಕ್ಕೊಂಡವರು, ನಾ ಭುಜ ಹಿಡದು ಅಳ್ಳಾಡಿಸಿದ ಮ್ಯಾಲ ಎದ್ರು. ಎದ್ದವರ ಏನ್ ಕೇಳಿದ್ರಂತೀರಿ? ವಿಲನ್ ಸತ್ತನೇನ್ರೀ ಅಂತ!"

ನಾನು ಹಾಗೆ ಕೇಳಿರಲಿಲ್ಲ. ಅವರು ನನಗೆ ಇಟ್ಟ 'ಇಂಟರ್ವಲ್ ಸಾಹೇಬ್ರು' ಎಂಬ ಹೆಸರು ಸವಣೂರಿನಿಂದ ದುಂಡಸಿಯವರೆಗೆ ಹಬ್ಬಿತು. ನನ್ನ ನಿವೃತ್ತಿಯ ಸಮಾರಂಭದಲ್ಲಿ ಒಬ್ಬ ಭಾಷಣಕಾರರು ಅದನ್ನು ಧ್ವನಿವರ್ಧಕದಲ್ಲಿ ಬಳಸಿದ್ದನ್ನೂ ನಾನು ಮರೆತಿಲ್ಲ.

ನಿವೃತ್ತಿಯ ನಂತರ ಸವಣೂರಿನಲ್ಲೇ ನೆಲೆ ನಿಂತೆ. ಅವರ ಅಂಗಡಿಯ ಮುಂದಿನ ಬೆಂಚು ನನ್ನ ಸಂಜೆಯ ಜಾಗವಾಯಿತು. ಪ್ರತಿ ವರ್ಷ ಟಿವಿಯಲ್ಲಿ ಸಿನಿಮಾ ಪ್ರಶಸ್ತಿಗಳ ಕಾಲ ಶುರುವಾಗುವ ಮುಂಚಿನ ಶುಕ್ರವಾರ ಆ ಬೆಂಚಿನ ಮುಂದೆ ಅವರದೇ ಪ್ರಶಸ್ತಿಗಳು ಘೋಷಣೆಯಾಗುತ್ತಿದ್ದವು. ಒಂದೊಂದು ಪ್ರಶಸ್ತಿ ಎಂದರೆ ಒಂದೊಂದು ವೀಳ್ಯ: ಎರಡು ಎಳೆಯ ಎಲೆ, ಅಡಿಕೆ, ಸುಣ್ಣ, ಮೇಲೆ ಚುಚ್ಚಿದ ಲವಂಗ. ನಾಯಕ ನಾಯಕಿಯರನ್ನು ಬೇಗ ಮುಗಿಸಿ, ಅವರು ಉತ್ಸಾಹದಿಂದ ತಮ್ಮ ನಿಜವಾದ ಪಟ್ಟಿಗೆ ಬರುತ್ತಿದ್ದರು. ಮೊದಲ ಹೊಡೆದಾಟದಲ್ಲಿ ಮೊದಲು ಬಿದ್ದವನು, ಕೊಡ ಹೊತ್ತು ಹಿಂದಿನಿಂದ ಹಾದುಹೋದ ಹೆಂಗಸು, ನ್ಯಾಯಾಲಯದ ದೃಶ್ಯದಲ್ಲಿ ಸುಮ್ಮನೆ ನಿಂತಿದ್ದ ಪೊಲೀಸು.

"ಈ ವರ್ಷದ ಚಲೋ ಸಾಯೂ ಮನುಷ್ಯಾ," ಎಂದು ಅವರು ಎದ್ದು ನಿಂತು ಸಾರುವರು. "ಹೆಸರು ಗೊತ್ತಿಲ್ರಿ. ಕಡೀಕ ಬರೂ ಹೆಸರಿನ್ಯಾಗ ಫೈಟರ್ಸ್ ಅಂತ ಇಪ್ಪತ್ತು ಮಂದಿ ಅದಾರ. ಅವರಾಗ ಒಬ್ಬಾಂವ. ಕಟ್ಟಿ ಮ್ಯಾಲಿಂದ ಬಿದ್ದ. ಬಿದ್ದ ಮ್ಯಾಲ ಕಾಲು ಅಳ್ಳಾಡಸಲಿಲ್ಲ ನೋಡ್ರಿ, ಅದು ಕಲಾ!"

ಪ್ರಶಸ್ತಿ ಪಡೆದವರು ಬರಲು ಸಾಧ್ಯವಿಲ್ಲವಾದ್ದರಿಂದ, ಟಿವಿಯಲ್ಲಿ ಮಾಡುವಂತೆ, ಅವರ ಪರವಾಗಿ ನೆರೆದವರಲ್ಲಿ ಒಬ್ಬರನ್ನು ಕರೆದು ವೀಳ್ಯ ಕೊಡುತ್ತಿದ್ದರು. ಪಡೆದವರು ಅಲ್ಲೇ ಜಗಿಯಬೇಕು. ಹನ್ನೊಂದು ವರ್ಷಗಳಲ್ಲಿ ಒಂಬತ್ತು ಸಲ ಶ್ರೇಷ್ಠ ನಟಿಯ ಪರವಾಗಿ ನನ್ನನ್ನೇ ಕರೆದರು. ಉಳಿದ ಎರಡು ಸಲ ನಾನು ಊರಲ್ಲಿರಲಿಲ್ಲ.

ದೊಡ್ಡ ಚಿತ್ರಗಳ ಎರಡನೆಯ ಭಾಗಗಳ ವಿಷಯದಲ್ಲಿ ಅವರ ನಿಲುವು ಕಠಿಣವಾಗಿತ್ತು. ಮೊದಲ ಭಾಗ ಗೆದ್ದಿತೆಂದು ಎರಡನೆಯದು, ಅದೂ ಗೆದ್ದರೆ ಮೂರನೆಯದು ಎಂದು ಹೊರಟವರನ್ನು ಅವರು ಸಹಿಸುತ್ತಿರಲಿಲ್ಲ. "ಬಾಯಾಗ ಎಲಿ ಇದ್ದಾಗ ಮ್ಯಾಲ ಇನ್ನೊಂದು ಎಲಿ ಹಾಕ್ಕೊಂಡ್ರ ಎರಡೂ ರುಚಿ ಕೆಡತಾವು," ಎನ್ನುತ್ತಿದ್ದರು. "ಮೊದಲಿಂದು ಉಗಳಬೇಕು, ಬಾಯಿ ಮುಕ್ಕಳಿಸಬೇಕು, ಮತ್ತ ಹಸಿವಾಗಬೇಕು. ಇವರು ಉಗಳಾಕ ಬಿಡೂದಿಲ್ಲ." ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ 'ಮುಂದುವರಿಯುವುದು' ಎಂದು ತೋರಿಸಿದ ಒಂದು ಚಿತ್ರ ಮುಗಿದಾಗ ಶಿಗ್ಗಾವಿಯ ಚಿತ್ರಮಂದಿರದ ಬಾಗಿಲಲ್ಲಿ ಅವರು ಗೇಟಿನವನನ್ನು ತಡೆದು ಕೇಳಿದ್ದು ನನಗೆ ನೆನಪಿದೆ: "ಅರ್ಧಾ ತೋರಿಸಿ ಕಳಸಾಕತ್ತೀರಲ್ಲಪಾ, ನಾನೂ ನಿನಗ ಅರ್ಧಾ ಎಲಿ ಹರದು ಕೊಟ್ಟು ಉಳದದ್ದು ಬರೂ ವರ್ಷ ಅಂದ್ರ ತಗೋತೀಯೇನು?"

ಈ ನಿಲುವು ಬದಲಾದ ದಿನ ಯಾವುದೆಂದು ನನಗೆ ಗೊತ್ತು. ನಾನು ಅಲ್ಲೇ ಇದ್ದೆ.

ಬಂಕಾಪುರದ ಕೋಟೆಯ ಗೋಡೆಯ ಪಕ್ಕದಲ್ಲಿ ಒಂದು ದೊಡ್ಡ ಚಿತ್ರದ ಚಿತ್ರೀಕರಣ ನಡೆಯಿತು. ಹಳೆಯ ಕಾಲದ ಪೇಟೆಯೊಂದನ್ನು ಬಿದಿರು, ಗೋಣಿತಟ್ಟುಗಳಲ್ಲಿ ಕಟ್ಟಿದ್ದರು. ಅದಕ್ಕೆ ಎಲೆಬುಟ್ಟಿಗಳು ಬೇಕೆಂದು ಇವರಿಗೆ ಹೇಳಿ ಕಳಿಸಿದರು. ಆಗ ಇವರ ಗದ್ದದ ಮೇಲೊಂದು ಕುರುವೆದ್ದು, ಮೂರು ವಾರಗಳಿಂದ ಕ್ಷೌರವಿರಲಿಲ್ಲ. ಬಲಕ್ಕೆ ಬಿಳಿ, ಎಡಕ್ಕೆ ಕಪ್ಪು, ಹೀಗೆ ಒಂದು ವಿಚಿತ್ರವಾದ ಕುರುಚಲು ಗಡ್ಡ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜೊತೆಗೆ ಹೋದೆ. ಬೆಂಗಳೂರಿನಿಂದ ಬಂದಿದ್ದ ಸಹಾಯಕ ನಿರ್ದೇಶಕರೊಬ್ಬರು ನಮ್ಮಿಬ್ಬರನ್ನೂ ನೋಡಿ, ಬುಟ್ಟಿ ಕೆಳಗಿಡಲು ಹೋದ ಇವರಿಗೆ, "ಅಂಕಲ್, ಹಾಗೇ ನಿಲ್ಲಿ, ಹಾಗೇ!" ಎಂದರು. ನಂತರ ನನ್ನ ಕಡೆ ತಿರುಗಿ, "ಸಾರ್, ನೀವು ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ? ಯಾರೋ ತನಿಖೆಗೆ ಬಂದ ಹಾಗೆ ಕಾಣ್ತಿದೆ," ಎಂದರು. ಆ ಸಹಾಯಕರ ಮುಖ ಈಗಲೂ ನನಗೆ ಚೆನ್ನಾಗಿ ನೆನಪಿದೆ.

ದೃಶ್ಯ ಇಷ್ಟೇ. ನಾಯಕ ಕುದುರೆಯ ಮೇಲೆ ಪೇಟೆಯನ್ನು ಹಾದುಹೋಗುತ್ತಾನೆ. ಎಲೆಯವನು ಬುಟ್ಟಿಯನ್ನು ಹೆಗಲಿಗೇರಿಸಿಕೊಂಡು ನಿಂತು, ಅವನನ್ನೇ ನೋಡುತ್ತಾನೆ. ಆ ನೋಟವನ್ನು ಕ್ಯಾಮೆರಾ ಹತ್ತಿರದಿಂದ ಹಿಡಿಯಿತು. ಮುಗಿದ ಮೇಲೆ ಆ ಸಹಾಯಕರು ಇವರ ಬಳಿ ಬಂದು, "ಚೆನ್ನಾಗಿ ಬಂತು ಅಂಕಲ್. ಗಡ್ಡ ಮಾತ್ರ ತೆಗೀಬೇಡಿ. ಎರಡನೇ ಭಾಗದಲ್ಲಿ ಈ ಪೇಟೆ ಮತ್ತೆ ಬರುತ್ತೆ, ಕಂಟಿನ್ಯುಟಿ ಬೇಕು," ಎಂದು ಹೇಳಿ, ಫೋನಿನಲ್ಲಿ ಒಂದು ಫೋಟೋ ತೆಗೆದು, ಅದನ್ನು ಇವರಿಗೂ ಕಳಿಸಿ ಹೋದರು. ಒಂದು ದೃಶ್ಯದಲ್ಲಿ ಇದ್ದಂತೆಯೇ ಮುಂದಿನ ದೃಶ್ಯದಲ್ಲೂ ಇರಬೇಕೆಂಬ ನಿಯಮಕ್ಕೆ ಅವರು ಹಾಗೆ ಹೇಳುತ್ತಾರೆ.

ಬೇರೆಯವರಾಗಿದ್ದರೆ ಆ ಮಾತನ್ನು ಬಂಕಾಪುರದಲ್ಲೇ ಬಿಟ್ಟು ಬರುತ್ತಿದ್ದರು. ಇವರು ಪಾಲಿಸಿದರು. ಮೂರು ವಾರದ ಗಡ್ಡ ಮೂರು ವಾರದ ಗಡ್ಡವಾಗಿಯೇ ಉಳಿಯಬೇಕಲ್ಲ? ಮರುದಿನ ಅವರು ಫೋಟೋ ತೋರಿಸಿ ನನ್ನನ್ನು ಕೇಳಿದರು: "ಸಾಹೇಬ್ರ, ನಾಲ್ಕು ತಾಲೂಕಾ ಅಳದೀರಿ. ಇದನ್ನೊಂದು ಅಳೀರಿ."

ಅಳೆದೆ. ಗದ್ದದ ಮೇಲೆ ಒಂಬತ್ತು ಮಿಲಿಮೀಟರು, ಕೆನ್ನೆಯ ಮೇಲೆ ಏಳು. ಅಂದಿನಿಂದ ಐದು ವರ್ಷ, ಪ್ರತಿ ಗುರುವಾರ, ಪೇಟೆಯ ಕ್ಷೌರದ ಅಂಗಡಿಯಲ್ಲಿ ಅವರು ಕುರ್ಚಿಯ ಮೇಲೆ, ನಾನು ಉಕ್ಕಿನ ಅಡಿಪಟ್ಟಿ ಹಿಡಿದು ಪಕ್ಕದಲ್ಲಿ. ಕ್ಷೌರಿಕ ಕತ್ತರಿ ಆಡಿಸುವನು, ನಾನು ಅಳತೆ ಹೇಳುವೆನು. "ಇವರದು ಗಡ್ಡೋ ಸರಕಾರಿ ಜಮೀನೋ," ಎಂದು ಕ್ಷೌರಿಕ ಗೊಣಗುತ್ತಿದ್ದ.

ಮಸೀದಿಯ ಹಿರಿಯರೊಬ್ಬರು ಒಮ್ಮೆ ಅಂಗಡಿಯ ಮುಂದೆ ನಿಂತು, "ಕಡೀಕೂ ಗಡ್ಡ ಬಿಟ್ಟಿ, ಭಾಳ ಚಲೋ ಆತು. ಇನ್ನ ಸ್ವಲ್ಪ ಉದ್ದ ಬಿಡು," ಎಂದರು.

"ಉದ್ದ ಬಿಡಾಕ ಬರೂದಿಲ್ರಿ ಹಜರತ್. ಇದು ಕುದರಿ ಸೀನಿಂದು."

"ಅಲ್ಲೋ, ನಾವು ಮೂವತ್ತು ವರ್ಷ ಹೇಳಿದ್ರ ಬಿಡಲಿಲ್ಲ. ಸಿನಿಮಾದಾಂವ ಒಂದ ಸಲ ಹೇಳಿದ್ದಕ್ಕ ಬಿಟ್ಟಿ?"

"ನೀವು ಅಳತಿ ಹೇಳಿದ್ದಿಲ್ರಿ," ಎಂದರು ಇವರು. ಹಿರಿಯರು ನಗುತ್ತ ಒಂದು ಎಲೆ ತೆಗೆದುಕೊಂಡು ಹೋದರು.

ಮೊದಲ ಭಾಗ ಮರುವರ್ಷ ಬಿಡುಗಡೆಯಾಗಿ ಭಾರೀ ಓಡಿತು. ಶಿಗ್ಗಾವಿಯಲ್ಲಿ ಮೂರು ಸಲ ನೋಡಿದೆವು. ಇವರ ಮುಖ ಪರದೆಯ ತುಂಬ ಬಂದಿತು. ಕೊನೆಯ ಹೆಸರುಗಳಲ್ಲಿ 'ಬಂಕಾಪುರ ಹಾಗೂ ಸುತ್ತಲಿನ ಗ್ರಾಮಸ್ಥರು' ಎಂದಿತ್ತು, ಇವರ ಹೆಸರಿರಲಿಲ್ಲ. ಅವರಿಗೆ ಬೇಸರವಾದದ್ದು ಕಂಡಿತು. ಆ ಮುಖ ಎಷ್ಟು ಹೊತ್ತು ಇತ್ತು ಎಂಬುದರ ಮೇಲೆ ಮಾತ್ರ ನಮಗೆ ಒಮ್ಮತವಾಗಲಿಲ್ಲ. ಅವರ ಪ್ರಕಾರ ಆರು ಸೆಕೆಂಡು. ನಾನು ಕೈಗಡಿಯಾರ ಹಿಡಿದು ನೋಡಿದ್ದೇನೆ, ನಾಲ್ಕು.

"ಆರು, ಸಾಹೇಬ್ರ."

"ನಾಲ್ಕು."

"ನಿಮ್ಮ ಗಡಿಯಾರನೂ ಇಂಟರ್ವಲ್ ಆದ ಮ್ಯಾಲ ನಿದ್ದಿ ಮಾಡತೈತಿ."

ಎರಡನೆಯ ಭಾಗ ಬರುವುದು ತಡವಾಯಿತು. ಈ ನಡುವೆ ಅವರ ಒಬ್ಬಳೇ ಮಗಳು ಶಮೀಮಳ ಮದುವೆ ಹಿರೇಕೆರೂರಿನ ಸಂಬಂಧದಲ್ಲಿ ಕೂಡಿಬಂತು. ಮದುವೆಯ ದಿನವಾದರೂ ಗಡ್ಡವನ್ನು ನುಣ್ಣಗೆ ತೆಗೆಸಿ, ಇಲ್ಲವೇ ಮೆಹಂದಿ ಹಚ್ಚಿ ಎಂದು ಹುಡುಗಿ ಎಷ್ಟು ಹೇಳಿದರೂ ಕೇಳಲಿಲ್ಲ. "ಬಣ್ಣ ಬದಲಾದ್ರ ಕಂಟಿನ್ಯುಟಿ ಹೊಕ್ಕೈತವ್ವಾ." ಅವಳು ಎರಡು ದಿನ ಮಾತು ಬಿಟ್ಟಿದ್ದಳು. ಆ ಮದುವೆಯಲ್ಲಿ ನನ್ನಂಥವರಿಗೆಂದು ಶಾಕಾಹಾರದ ಊಟ ಬೇರೆ ಕಡೆ ಮಾಡಿಸಿದ್ದರು. ಎಲ್ಲಿ ಎಂದು ನನಗೆ ಹೇಳಲು ಮರೆತರು. ನಾನು ಹಸಿದು ಮನೆಗೆ ಬಂದೆ. ಮರುದಿನ ಮುಂಜಾನೆ ಅವರು ಡಬ್ಬಿಯಲ್ಲಿ ಹೋಳಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ತಿಂದೆ. ಆದರೂ ಈ ಸಂಗತಿ ನನ್ನ ದಿನಚರಿಯಲ್ಲಿ ಇದೆ.

ಎರಡನೆಯ ಭಾಗ ಬಿಡುಗಡೆಯಾದ ದಿನ ಯಲವಿಗಿಯಿಂದ ರೈಲು ಹಿಡಿದು ಹುಬ್ಬಳ್ಳಿಗೆ ಹೋದೆವು. ಅವರು ಚಿತ್ರೀಕರಣದಂದು ತೊಟ್ಟಿದ್ದ ಅಂಗಿಯನ್ನೇ ತೊಟ್ಟಿದ್ದರು. ಯಾರೂ ಅವರನ್ನು ಮತ್ತೆ ಚಿತ್ರೀಕರಣಕ್ಕೆ ಕರೆದಿರಲಿಲ್ಲ. ಆದರೂ ಮೊದಲು ತೆಗೆದದ್ದು ಉಳಿದಿರುತ್ತದೆ, ಅದನ್ನು ಹಾಕುತ್ತಾರೆ ಎಂದು ನಂಬಿದ್ದರು. ನನಗೆ ತಿಳಿದ ಮಟ್ಟಿಗೆ ಐದು ವರ್ಷದಲ್ಲಿ ಅವರು ಬಯಸಿದ್ದು ಅದೊಂದನ್ನೇ. ಆ ಎಲೆಯವನು ಮೊದಲ ಭಾಗದಲ್ಲಿ ಸತ್ತಿಲ್ಲ, ಹಾಗಾಗಿ ಎರಡನೆಯ ಭಾಗದಲ್ಲಿ ಅವನು ಇರಲೇಬೇಕು.

ಚಿತ್ರ ಶುರುವಾಯಿತು. ಪರದೆಯ ಮೇಲೆ ಹೊಗೆ. ಹಿನ್ನೆಲೆಯ ಗಂಭೀರ ಧ್ವನಿಯೊಂದು, ಶತ್ರುಗಳು ಅಂದು ಆ ಪೇಟೆಯನ್ನು ಸುಟ್ಟು ಬೂದಿ ಮಾಡಿದರು ಎಂದಿತು. ಅಷ್ಟೇ. ಒಂದು ವಾಕ್ಯದಲ್ಲಿ ಇಡೀ ಪೇಟೆಯನ್ನು ಮುಗಿಸಿ ಕಥೆ ಬೇರೆ ರಾಜ್ಯಕ್ಕೆ ಹೋಯಿತು. ಐದು ವರ್ಷ ಒಬ್ಬ ಮನುಷ್ಯನಿಂದ ಗಡ್ಡದ ನೇಮ ಮಾಡಿಸಿದವರಿಗೆ ಒಂದು ಮಾತು ತಿಳಿಸುವ ಸೌಜನ್ಯವೂ ಇರಲಿಲ್ಲ. ನಾನು ಕತ್ತಲೆಯಲ್ಲಿ ಅವರ ಕಡೆ ತಿರುಗಿದೆ. ಅವರು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದರು.

"ನೋಡಿದ್ರ್ಯಾ? ಹೊಗೀ ಒಳಗ ಬುಟ್ಟಿ ಹೊತಗೊಂಡು ಒಬ್ಬಾಂವ ಹ್ವಾದ. ಅದು ನಾನ, ಸಾಹೇಬ್ರ. ಎಲ್ಲಾರೂ ಸತ್ತಾರ, ನಾ ಬದಕೇನಿ!"

ನನಗೂ ಒಂದು ಆಕೃತಿ ಕಂಡಿತ್ತು. ಯಾರೆಂದು ಹೇಳುವಂತಿರಲಿಲ್ಲ. ಮರಳುವ ರೈಲಿನಲ್ಲಿ ಅವರು ಡಬ್ಬಿಯ ಜನಕ್ಕೆಲ್ಲ ಅದನ್ನು ಹೇಳಿದರು. ಮರುದಿನ ಪೇಟೆಯಲ್ಲಿ ಕಂಡಕಂಡವರಿಗೆ ವೀಳ್ಯ ಕೊಟ್ಟರು. ಹಿರೇಕೆರೂರಿಗೆ ಫೋನು ಮಾಡಿ ಮಗಳಿಗೂ ಬೀಗರಿಗೂ ಹೇಳಿದರು. ಎರಡನೆಯ ಭಾಗಗಳ ಬಗ್ಗೆ ಅವರ ಬಾಯಲ್ಲಿ ಅಷ್ಟು ಒಳ್ಳೆಯ ಮಾತು ನಾನು ಹಿಂದೆಂದೂ ಕೇಳಿರಲಿಲ್ಲ. ಹೀಗೆ ಎಂಟು ವಾರ ನಡೆಯಿತು.

ಎಂಟು ವಾರಗಳ ನಂತರ ಚಿತ್ರ ಫೋನಿನಲ್ಲಿ ಬಂತು. ಪೇಟೆಯ ಕೆಲವರು, "ಸಾಹೇಬ್ರ, ನೀವು ಜೋಡಿಲೆ ಇದ್ರಿ, ನಿಮ್ಮ ಮಾತಂದ್ರ ನಕಾಶಿ ಇದ್ದಂಗ. ಖರೇನ ಅವರ ಏನು?" ಎಂದು ಕೇಳತೊಡಗಿದ್ದರು. ತಪ್ಪು ನಕಾಶೆಗೆ ನಾನು ಸೇವೆಯಲ್ಲಿದ್ದಾಗ ಎಂದೂ ಸಹಿ ಹಾಕಿದವನಲ್ಲ. ಮನೆಯಲ್ಲಿ ಕುಳಿತು ಆ ಹೊಗೆಯ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಆ ಮನುಷ್ಯನ ಬುಟ್ಟಿ ಎಡ ಹೆಗಲ ಮೇಲಿತ್ತು, ಎಡಗೈ ಮೇಲೆತ್ತಿ ಅದನ್ನು ಹಿಡಿದಿದ್ದ.

ಗುರುವಾರ ಕ್ಷೌರದ ಅಂಗಡಿಯಲ್ಲಿ, ಅಳತೆಗೆ ಮುಂಚೆ, ಫೋನನ್ನು ಅವರ ಮುಂದೆ ಹಿಡಿದೆ. "ಸಾಬ್ರ, ಇದು ಎಡಗಡಿ ಹೆಗಲ."

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಎರಡನೆಯ ಸಲ ನೋಡಲಿಲ್ಲ. ಫೋನನ್ನು ನನ್ನ ಕೈಗೆ ಮರಳಿಸಿ, ಕನ್ನಡಿಯ ಕಡೆ ತಿರುಗಿ ಕ್ಷೌರಿಕನಿಗೆ ಹೇಳಿದರು: "ತಗದ ಬಿಡಪಾ."

ಅವನು ನನ್ನನ್ನು ನೋಡಿದ. ನಾನು ಅಡಿಪಟ್ಟಿಯನ್ನು ಜೇಬಿಗಿಟ್ಟೆ. ಕತ್ತಿ ಆಡಿ, ಐದು ವರ್ಷದ ನಂತರ ಅವರ ಗದ್ದ ಬೆಳ್ಳಗೆ ಹೊರಬಂತು. ಕುರುವಿನ ಕಲೆ ಅಲ್ಲೇ ಇತ್ತು. ವಸ್ತ್ರದಿಂದ ಮುಖ ಒರೆಸಿಕೊಂಡು ಅವರು ಕನ್ನಡಿಯೊಳಗಿಂದಲೇ ನನ್ನನ್ನು ಕೇಳಿದರು:

"ಇಪ್ಪತ್ತಾರು ವರ್ಷ ಎಲ್ಲಾ ಸಿನಿಮಾದ ಎರಡನೇ ಅರ್ಧಕ್ಕ ಮಲಕ್ಕೊಂಡ್ರಿ, ಸಾಹೇಬ್ರ. ಇದೊಂದಕ್ಕ ಯಾಕ ಎಚ್ಚರ ಇದ್ರಿ?"

ನನಗೆ ಆದ ಅವಮಾನಗಳಿಗೆಲ್ಲ ನನ್ನ ಬಳಿ ಉತ್ತರಗಳಿವೆ. ಕೆಲವನ್ನು ಬರೆದೂ ಇಟ್ಟಿದ್ದೇನೆ. ಅಂದಿನ ದಿನಚರಿಯ ಪುಟ ಮಾತ್ರ ಖಾಲಿ ಇದೆ. ಹನ್ನೊಂದು ದಿನ ಬೆಂಚಿಗೆ ಹೋಗಲಿಲ್ಲ. ಹೋದಾಗ ಅವರು ಎಂದಿನಂತೆ ಎಲೆ ಮಡಿಚಿ ಕೊಟ್ಟರು, ಸಂತೆಯ ಸುದ್ದಿ ಹೇಳಿದರು. ಸಿನಿಮಾದ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಎರಡು ತಿಂಗಳ ಮೇಲೆ ಒಂದು ಮುಂಜಾನೆ ಎಲೆ ಆರಿಸುತ್ತ ಕುಳಿತಿದ್ದಾಗ ಎದೆನೋವು ಬಂದು ಹೋದರು. ಮಣ್ಣು ಕೊಡಲು ಹೋಗಿದ್ದೆ. ಈ ವರ್ಷ ಬೆಂಚಿನ ಮುಂದೆ ಯಾವ ಪ್ರಶಸ್ತಿಯೂ ಘೋಷಣೆಯಾಗಲಿಲ್ಲ.

ಟಿವಿಯವರ ಪ್ರಶಸ್ತಿಗಳು ಮಾತ್ರ ನಡೆದವು. ಆ ಚಿತ್ರಕ್ಕೆ, ಎರಡೂ ಭಾಗಗಳನ್ನು ಸೇರಿಸಿ, ಅನೇಕ ಪ್ರಶಸ್ತಿಗಳು ಬಂದವು. ಅವುಗಳಲ್ಲೊಂದು ಪ್ರಸಾಧನಕ್ಕೆ, ಹಳೆಯ ಕಾಲದ ಜನರ ಮುಖ, ಕೂದಲು, ಗಡ್ಡಗಳನ್ನು ಸಹಜವಾಗಿ ರೂಪಿಸಿದ್ದಕ್ಕಾಗಿ. ಪತ್ರಿಕೆಯಲ್ಲಿ ಇದನ್ನು ಓದಿದ ದಿನವೇ ನಾನು ಸಂಪಾದಕರಿಗೂ ವಾಹಿನಿಯವರಿಗೂ ಪತ್ರ ಬರೆದೆ. ಆ ಚಿತ್ರದ ಕನಿಷ್ಠ ಒಂದು ಗಡ್ಡ ಯಾವ ಪ್ರಸಾಧಕನ ಕೈಚಳಕವೂ ಅಲ್ಲ, ಅದು ಒಂದು ಕುರುವಿನಿಂದ ಆದದ್ದು, ಅದರ ಐದು ವರ್ಷಗಳ ಅಳತೆ ನನ್ನ ಬಳಿ ಇದೆ ಎಂದು ತಿಳಿಸಿದೆ. ಉತ್ತರ ಬಂದಿಲ್ಲ.

ಸಮಾರಂಭವನ್ನು ಭಾನುವಾರ ಮಧ್ಯಾಹ್ನ ಮರುಪ್ರಸಾರ ಮಾಡಿದರು. ಊಟ ಮುಗಿಸಿ ಕುರ್ಚಿ ಎಳೆದುಕೊಂಡು ಟಿವಿಯ ಮುಂದೆ ಕುಳಿತೆ. ಹಾಡು, ಕುಣಿತ, ಭಾಷಣ, ಜಾಹೀರಾತು, ಮತ್ತೆ ಹಾಡು. ಫೋನು ಹೊಡೆದುಕೊಂಡಾಗ ಟಿವಿಯಲ್ಲಿ ಯಾವುದೋ ಸೋಪಿನ ಜಾಹೀರಾತು ಬರುತ್ತಿತ್ತು. ಗಡಿಯಾರ ನಾನು ಕೊನೆಯ ಸಲ ನೋಡಿದ್ದಕ್ಕಿಂತ ಐವತ್ತು ನಿಮಿಷ ಮುಂದೆ ಹೋಗಿತ್ತು.

ಹಿರೇಕೆರೂರಿನಿಂದ ಶಮೀಮ್.

"ಕಾಕಾರ, ನೋಡಿದ್ರ್ಯಾ? ಅಬ್ಬಾ ಬಂದಿದ್ರು! ಮೇಕಪ್ ಪ್ರಶಸ್ತಿ ಕೊಡುವಾಗ ಹಿಂದ ದೊಡ್ಡ ಪರದೇ ಮ್ಯಾಲ ತೋರಿಸಿದ್ರು. ಬರೇ ಅಬ್ಬಾನ ಮುಖ!" ಅವಳು ಉಸಿರು ಎಳೆದುಕೊಂಡಳು. "ನಮ್ಮ ಮನಿಯಾಗ ಇವರೆಲ್ಲಾ ಅದು ಅಬ್ಬಾ ಅಲ್ಲ, ಬ್ಯಾರೆ ಯಾರೋ ಅನ್ನಾಕತ್ತಾರ್ರಿ. ಆ ಹೊಗೀ ಸೀನಿನಂಗ ಇದೂ ಸುಳ್ಳ ಅಂತಾರ. ನನಗ ಕಣ್ಣಾಗ ನೀರು ಬಂದು ಸರಿ ಕಾಣಲಿಲ್ಲ. ನೀವು ಟಿವಿ ಮುಂದ ಕುಂತಿರ್ತೀರಿ ಅಂತ ಗೊತ್ತಿತ್ತು. ಸಾಹೇಬ್ರು ಹೇಳಿದ್ರ ಮುಗೀತು ಅಂತ ಅಬ್ಬಾ ಯಾವಾಗಲೂ ಅಂತಿದ್ರು. ಬುಟ್ಟಿ ಯಾವ ಹೆಗಲ ಮ್ಯಾಲ ಇತ್ರೀ?"

ಜಾಹೀರಾತು ಮುಗಿದು ಯಾರೋ ನಟಿ ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದಳು.

"ಬಲಗಡಿ ಹೆಗಲವ್ವಾ," ಎಂದೆ. "ನಾ ನೋಡೇನಿ. ನಿಮ್ಮಪ್ಪನ."

ಅವಳು ಫೋನನ್ನು ದೂರ ಹಿಡಿದು ಮನೆಯವರಿಗೆ ಅದನ್ನು ಕೂಗಿ ಹೇಳಿದ್ದು ನನಗೆ ಕೇಳಿಸಿತು. ಮತ್ತೆ ಕಿವಿಗಿಟ್ಟುಕೊಂಡು ಕೇಳಿದಳು: "ಎಷ್ಟೊತ್ತು ಇದ್ದರ್ರೀ ಕಾಕಾ? ನನಗ ಭಾಳೊತ್ತು ಅನ್ನಿಸಿತು."

"ಆರು ಸೆಕೆಂಡು," ಎಂದೆ.